ಕಂಪ್ಯೂಟರ್ ಆನ್ ಆಗದ ದಿನದ ಪಾಠಕ್ಕೆ ಎಷ್ಟು ಅಂಕ?

ಕಳೆದ ವರ್ಷದ ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸಿದ ಒಂದು ಪಾಠಕ್ಕೆ 25ಕ್ಕೆ 12 ಅಂಕ ಕೊಟ್ಟೆ. ಆ ಅಂಕ ತಪ್ಪಾಗಿತ್ತು ಎಂದು ಹೇಳುವುದಕ್ಕೇ ಈ ಲೇಖನ. ಪ್ರಶಿಕ್ಷಣಾರ್ಥಿ ದೂರು ಕೊಟ್ಟಿಲ್ಲ, ಪ್ರಾಂಶುಪಾಲರು ವಿವರಣೆ ಕೇಳಿಲ್ಲ. ವೀಕ್ಷಣಾ ನಮೂನೆಯಲ್ಲಿರುವ ಒಂದೊಂದು ಅಂಶವನ್ನೂ ನೋಡಿಯೇ ಅಂಕ ಹಾಕಿದ್ದೆ. ಅದೇ ನಮೂನೆ ಹಿಡಿದು ಇವತ್ತು ಕೂಡಿಸಿದರೂ 12 ಅಂಕವೇ ಬರುತ್ತದೆ. ತೊಂದರೆ ಇರುವುದು ಅಲ್ಲಿಯೇ ಎಂಬುದು ನನ್ನ ವಾದ. ಮೊದಲು ನಡೆದದ್ದನ್ನು ಹೇಳಿ, ಆಮೇಲೆ ವಾದಕ್ಕೆ ಬರುತ್ತೇನೆ.

ಶನಿವಾರ ಮತ್ತು ಸೋಮವಾರ

ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ಹತ್ತು ಕಂಪ್ಯೂಟರ್‌ಗಳ ಕೊಠಡಿ ಇದೆ. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತೂ ಇವೆ, ಕೆಲಸ ಮಾಡುತ್ತಿದ್ದವು ಮೂರು. ಉಳಿದವುಗಳ ಮೇಲೆ ಬಟ್ಟೆ ಹೊದಿಸಿತ್ತು. ಅವುಗಳಲ್ಲಿ ಒಂದು ಪೂರ್ತಿ ನಿಂತಿರಲಿಲ್ಲ. ತೆರೆದುಕೊಳ್ಳಲು ಕಾಲು ಗಂಟೆ ಹಿಡಿಯುತ್ತಿತ್ತು, ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಹಾರ್ಡ್ ಡಿಸ್ಕ್ ಸಾಯುತ್ತಿರುವ ಲಕ್ಷಣ ಅದು. ಗಣಿತ ಪ್ರಶಿಕ್ಷಣಾರ್ಥಿಯೊಬ್ಬಳು ಇದನ್ನು ಗಮನಿಸಿ ತನ್ನ ಮಾರ್ಗದರ್ಶಕ ಶಿಕ್ಷಕರಿಗೆ ಹೇಳಿದಳು. ಎಸ್‌ಡಿಎಂಸಿ ಸದಸ್ಯರೊಬ್ಬರು 240 ಜಿಬಿಯ ಒಂದು ಎಸ್‌ಎಸ್‌ಡಿ ಕೊಡಿಸಿದರು. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಉಳಿಸುವ ಡಿಸ್ಕ್. ಮುಖ್ಯ ಶಿಕ್ಷಕರು ಅನುಮತಿಯನ್ನು ಬರವಣಿಗೆಯಲ್ಲೇ ಕೊಟ್ಟರು.

ಶನಿವಾರ ತರಗತಿಗಳು ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರೂ ಆಕೆಯೂ ಸೇರಿ ಹಳೆಯ ಡಿಸ್ಕನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಎಸ್‌ಎಸ್‌ಡಿ ಜೋಡಿಸಿ, ಪೆನ್ ಡ್ರೈವಿನಿಂದ ಅದರ ಮೇಲೆ ಉಬುಂಟು ಹಾಕಿದರು. ಯಂತ್ರ ಚುರುಕಾಗಿ ತೆರೆದುಕೊಂಡಿತು. ಇಬ್ಬರೂ ಸಮಾಧಾನದಿಂದ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮಾರ್ಗದರ್ಶಕ ಶಿಕ್ಷಕರು ಹಳೆಯ ಡಿಸ್ಕಿನ ಕೇಬಲ್ ತೆಗೆದಿಟ್ಟರು. ಅದರಲ್ಲಿ ಶಾಲೆಯ ವಾರ್ಷಿಕೋತ್ಸವದ ಚಿತ್ರಗಳು, ಹಳೆಯ ಪ್ರಶ್ನೆಪತ್ರಿಕೆಗಳು ಇದ್ದವು. ಸದ್ದು ಮಾಡುವ ಡಿಸ್ಕನ್ನು ಸುಮ್ಮನೆ ಓಡಿಸಬಾರದು ಎಂಬ ಅವರ ಯೋಚನೆ ಸರಿಯಾಗಿಯೇ ಇತ್ತು. ಆದರೆ ಕೇಬಲ್ ತೆಗೆದ ಮೇಲೆ ಯಾರೂ ಒಮ್ಮೆ ಆನ್ ಮಾಡಿ ನೋಡಲಿಲ್ಲ.

ಮೂರನೇ ಅವಧಿ, 9ನೇ ತರಗತಿ. ಪಾಠ ಯೋಜನೆಯ ಪ್ರಕಾರ ವಿಷಯ ಸರಾಸರಿ. ಮಕ್ಕಳು ತಾವೇ ಬರೆದು ತಂದಿದ್ದ ಮಳೆಯ ಅಳತೆಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿ ಸರಾಸರಿ ಕಂಡುಹಿಡಿಯಬೇಕು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕೂತಿದ್ದೆ. ಆಕೆ ಸ್ವಿಚ್ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು ಇಂಗ್ಲಿಷ್ ಬಂತು: ಬೂಟ್ ಮಾಡಲು ಯಾವ ಸಾಧನವೂ ಸಿಕ್ಕಿಲ್ಲ ಎಂಬ ಅರ್ಥದ್ದು.

"ಹಾಳಾಯ್ತು ಮಿಸ್" ಎಂದ ಮುಂದಿನ ಸಾಲಿನ ಹುಡುಗ.

ಆಕೆ ಒಂದು ಕ್ಷಣ ನನ್ನ ಕಡೆ ನೋಡಿದಳು. ಮುಖ ಕೆಂಪಾಗಿತ್ತು. ಆಮೇಲೆ ಹುಡುಗನ ಕಡೆ ತಿರುಗಿ, "ಹಾಳಾಗಿದ್ರೆ ಈ ಅಕ್ಷರ ಹೇಗೆ ಬಂತು?" ಎಂದು ಕೇಳಿದಳು.

ತರಗತಿ ಸುಮ್ಮನಾಯಿತು. ಕರೆಂಟ್ ಬಂದಿದೆ, ಪರದೆ ಸರಿಯಿದೆ, ಒಳಗೆ ಏನೋ ಒಂದು ಎಚ್ಚರವಾಗಿದ್ದು, ಏನನ್ನೋ ಹುಡುಕಿ ಸಿಗಲಿಲ್ಲ ಎಂದು ಹೇಳುತ್ತಿದೆ. ಇಷ್ಟನ್ನು ಮಕ್ಕಳ ಬಾಯಿಂದಲೇ ಹೊರಡಿಸಿ, ಆಕೆ ಕರಿಹಲಗೆಯ ಮೇಲೆ ಮೂರು ಕಲಂ ಎಳೆದಳು: ಕಂಡದ್ದು, ಅನುಮಾನ, ಪರೀಕ್ಷೆ. "ಶನಿವಾರ ನಡೀತಿತ್ತು, ಇವತ್ತು ನಡೀತಿಲ್ಲ. ಮಧ್ಯೆ ಏನು ಬದಲಾಗಿದೆ?" ಮಾರ್ಗದರ್ಶಕ ಶಿಕ್ಷಕರು ಬಾಗಿಲ ಬಳಿಯಿಂದಲೇ ಕೇಬಲ್ ತೆಗೆದ ವಿಷಯ ಹೇಳಿದರು.

ಮೊದಲ ಅನುಮಾನ: ಎಸ್‌ಎಸ್‌ಡಿಯ ಕೇಬಲ್ ಸಡಿಲವಾಗಿರಬಹುದು. ಯಂತ್ರ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಎರಡೂ ಕೇಬಲ್ ಒತ್ತಿ ನೋಡಿದರು. ಮತ್ತೆ ಅದೇ ಸಾಲು. ಎರಡನೇ ಅನುಮಾನ: ಎಸ್‌ಎಸ್‌ಡಿ ಕೆಟ್ಟಿರಬಹುದು. ಆನ್ ಆದ ಕೂಡಲೇ ಎಫ್2 ಒತ್ತಿ ಸೆಟಪ್ ಪುಟಕ್ಕೆ ಹೋದರು. ಅಲ್ಲಿ ಡಿಸ್ಕುಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರಿತ್ತು. ಅಂದರೆ ಯಂತ್ರಕ್ಕೆ ಡಿಸ್ಕ್ ಕಾಣುತ್ತಿದೆ, ಆದರೂ ಅದರಿಂದ ಏಳಲು ಆಗುತ್ತಿಲ್ಲ. ಮೂರನೇ ಪರೀಕ್ಷೆಯಾಗಿ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದರು. ಉಬುಂಟು ತೆರೆದುಕೊಂಡಿತು. ಮಕ್ಕಳು ಚಪ್ಪಾಳೆ ಹೊಡೆದರು. ಆಕೆ ಅದನ್ನು ನಿಲ್ಲಿಸಿ, "ಉಬುಂಟು ಇರೋದು ಹೊಸದರಲ್ಲಿ. ಹಾಗಾದ್ರೆ ಹಳೇದು ಯಾಕೆ ಬೇಕಾಯ್ತು?" ಎಂದು ಕೇಳಿದಳು.

ಮೂರ್ನಾಲ್ಕು ಉತ್ತರ ಬಂದವು. ಹಳೆಯದು ಹೊಸದಕ್ಕೆ ಕರೆಂಟ್ ಕೊಡುತ್ತದೆ ಎಂದ ಒಬ್ಬ. ಎಸ್‌ಎಸ್‌ಡಿಯ ಕೇಬಲ್ ತೋರಿಸಿ ಅದು ಬೇರೆಯೇ ಇದೆ ಎಂದು ಇನ್ನೊಬ್ಬ ತಿದ್ದಿದ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು, "ಸಾಮಾನೆಲ್ಲ ಹೊಸ ಮನೆಗೆ ಸಾಗ್ಸಿದೀವಿ ಮಿಸ್, ಬೀಗದಕೈ ಹಳೇ ಮನೇಲೇ ಬಿಟ್ಟಿದೀವಿ" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಾನು ನಮೂನೆಯಲ್ಲಿ ಬರೆದದ್ದು ಹೀಗಿತ್ತು: "ಪಾಠ ಯೋಜನೆಯಂತೆ ಪಾಠ ಸಾಗಿಲ್ಲ. ನಿಗದಿತ ಕಲಿಕಾ ಫಲ ಸಾಧನೆಯಾಗಿಲ್ಲ. ಪರ್ಯಾಯ ಬೋಧನೋಪಕರಣ ಸಿದ್ಧಪಡಿಸಿಕೊಳ್ಳಬೇಕಿತ್ತು. ಸಮಯ ನಿರ್ವಹಣೆ ಸಾಲದು. ಮೌಲ್ಯಮಾಪನ ನಡೆದಿಲ್ಲ." ಆಕೆ ಓದಿ, ಸಹಿ ಹಾಕಿ, "ಆಯ್ತು ಸರ್" ಎಂದಳು.

ಆ ಹುಡುಗಿ ಹೇಳಿದ್ದು ಎಷ್ಟು ಸರಿ?

ಭಾಷೆ, ಸಮಾಜ ವಿಜ್ಞಾನ ವಿಧಾನಗಳ ಪ್ರಶಿಕ್ಷಣಾರ್ಥಿಗಳೂ ಇದನ್ನು ಓದುವುದರಿಂದ, ಬೂಟ್ ಆಗುವುದು ಎಂದರೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಸ್ವಿಚ್ ಒತ್ತಿದ ಗಳಿಗೆಯಲ್ಲಿ ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿ ಖಾಲಿಯಿರುತ್ತದೆ. ಮದರ್‌ಬೋರ್ಡಿನ ಮೇಲಿನ ಚಿಪ್ಪೊಂದರಲ್ಲಿ ಬರೆದಿಟ್ಟಿರುವ ಸಣ್ಣ ಪ್ರೋಗ್ರಾಂ ಮೊದಲು ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಅದನ್ನು ಬಯಾಸ್ ಎನ್ನುತ್ತಾರೆ, ಈಚಿನವುಗಳಲ್ಲಿ ಯುಇಎಫ್‌ಐ. ಅದು ಕೀಬೋರ್ಡ್, ಸ್ಮೃತಿ, ಡಿಸ್ಕುಗಳು ಇವೆಯೇ ಎಂದು ನೋಡಿಕೊಂಡು, ತನ್ನ ಬಳಿಯ ಒಂದು ಪಟ್ಟಿಯ ಪ್ರಕಾರ ಒಂದೊಂದೇ ಸಾಧನದ ಬಾಗಿಲು ತಟ್ಟುತ್ತದೆ. ಈ ಪಟ್ಟಿಯೇ ಬೂಟ್ ಆರ್ಡರ್. ಹೊಸ ವಿಷಯವೇನಲ್ಲ ಇದು. 1981ರ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಅದು ಮೊದಲು ಫ್ಲಾಪಿ ಹುಡುಕುತ್ತಿತ್ತು, ಸಿಗದಿದ್ದರೆ ತನ್ನೊಳಗೇ ಇದ್ದ ಬೇಸಿಕ್ ಭಾಷೆಗೆ ಹೋಗುತ್ತಿತ್ತು.

ಬಾಗಿಲು ತಟ್ಟಿದ ಮೇಲೆ ಒಳಗಿನಿಂದ ಉತ್ತರ ಕೊಡಲು ಒಂದು ಬೂಟ್ ಲೋಡರ್ ಬೇಕು, ಅಂದರೆ ಕಾರ್ಯಾಚರಣ ವ್ಯವಸ್ಥೆಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಹಳೆಯ ಬಯಾಸ್ ಪದ್ಧತಿಯಲ್ಲಿ ಇದರ ಮೊದಲ ತುಣುಕು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಇರುತ್ತದೆ. ಯುಇಎಫ್‌ಐ ಪದ್ಧತಿಯಲ್ಲಿ ಇದಕ್ಕೆಂದೇ ಡಿಸ್ಕಿನಲ್ಲಿ ಬಿಟ್ಟ ಸಣ್ಣ ವಿಭಾಗವೊಂದರಲ್ಲಿ ಕಡತವಾಗಿ ಇರುತ್ತದೆ. ಎರಡು ಡಿಸ್ಕ್ ಜೋಡಿಸಿಟ್ಟು ಎರಡನೆಯದರ ಮೇಲೆ ಹೊಸ ವ್ಯವಸ್ಥೆ ಹಾಕಿದಾಗ, ಹಾಕುವ ಪ್ರೋಗ್ರಾಂ ಎಷ್ಟೋ ಸಲ ವ್ಯವಸ್ಥೆಯನ್ನು ಹೊಸದರಲ್ಲಿ ಇಟ್ಟು, ಬೂಟ್ ಲೋಡರನ್ನು ಮಾತ್ರ ಮೊದಲ ಡಿಸ್ಕಿನಲ್ಲಿ ಈಗಾಗಲೇ ಇರುವ ಜಾಗಕ್ಕೆ ಸೇರಿಸಿಬಿಡುತ್ತದೆ. ಉಬುಂಟು, ವಿಂಡೋಸ್ ಎರಡರಲ್ಲೂ ಹೀಗಾಗುವುದುಂಟು. ಎರಡೂ ಡಿಸ್ಕ್ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯದನ್ನು ತೆಗೆದ ದಿನ ಗೊತ್ತಾಗುತ್ತದೆ.

ಆ ಹುಡುಗಿಯ ಮಾತು ಅಕ್ಷರಶಃ ಸರಿಯಾಗಿತ್ತು. ಮರುದಿನ ಊಟದ ಬಿಡುವಿನಲ್ಲಿ ಆಕೆಯನ್ನೂ ಸೇರಿ ಆರು ಮಕ್ಕಳು ಪ್ರಶಿಕ್ಷಣಾರ್ಥಿಯ ಜೊತೆ ಕೂತರು. ಎಸ್‌ಎಸ್‌ಡಿಯಲ್ಲಿ ಇನ್ನೂ ಯಾರ ಕೆಲಸವೂ ಇರಲಿಲ್ಲವಾದ್ದರಿಂದ ಸುಲಭದ ದಾರಿ ಹಿಡಿದರು: ಹಳೆಯ ಡಿಸ್ಕನ್ನು ಬಿಡಿಸಿಟ್ಟು, ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ ಮತ್ತೊಮ್ಮೆ ಉಬುಂಟು ಹಾಕಿದರು. ಈ ಸಲ ಬೀಗದಕೈ ಇಡಲು ಬೇರೆ ಮನೆಯೇ ಇರಲಿಲ್ಲ. ಆಮೇಲೆ ಹಳೆಯದನ್ನು ಎರಡನೆಯ ಡಿಸ್ಕಾಗಿ ಜೋಡಿಸಿ, ಎಫ್12 ಒತ್ತಿ, ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವ ಮೆನುವಿನಲ್ಲಿ ಎಸ್‌ಎಸ್‌ಡಿ ಆರಿಸಿ ನೋಡಿದರು. ಅದು ಸರಿಯಾಗಿ ಎದ್ದಿತು. ಅದಾದ ಮೇಲಷ್ಟೇ ಸೆಟಪ್ ಪುಟಕ್ಕೆ ಹೋಗಿ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನು ಕಾಯಂ ಆಗಿ ಮೇಲಕ್ಕೆ ತಂದರು. ಬದಲಾಯಿಸುವ ಮೊದಲು ಹಳೆಯ ಪಟ್ಟಿಯನ್ನು ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ವಾರ್ಷಿಕೋತ್ಸವದ ಚಿತ್ರಗಳನ್ನೂ ಪ್ರಶ್ನೆಪತ್ರಿಕೆಗಳನ್ನೂ ಮೊದಲು ನಕಲು ಮಾಡಿಕೊಂಡು, ಹಳೆಯ ಡಿಸ್ಕಿಗೆ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟರು.

ಮುಂದಿನ ವಾರ ಇನ್ನೊಂದು ಘಟನೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಆ ಯಂತ್ರ ಸೆಟಪ್ಪಿನಲ್ಲಿ ಮಾಡಿದ ಬದಲಾವಣೆಗಳನ್ನು ಮರೆತಿತ್ತು. ದಿನಾಂಕವೂ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ ಎಂದು ಗಮನಿಸಿದ್ದು ಮಕ್ಕಳೇ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಗುಂಡಿ ಬ್ಯಾಟರಿ ಇರುತ್ತದೆ; ಗೋಡೆಯ ಕರೆಂಟ್ ಇಲ್ಲದಾಗ ಗಡಿಯಾರ ನಡೆಯುವುದು ಅದರಿಂದ, ಎಷ್ಟೋ ಯಂತ್ರಗಳಲ್ಲಿ ಸೆಟಪ್ಪಿನ ನೆನಪು ಉಳಿಯುವುದೂ ಅದರಿಂದಲೇ. ದಿನಾಂಕ ತಪ್ಪಿದೆ ಎಂಬುದರಿಂದ ಬ್ಯಾಟರಿ ಮುಗಿದಿದೆ ಎಂಬಲ್ಲಿಗೆ ಆ ಮಕ್ಕಳು ತಾವೇ ಬಂದು ಮುಟ್ಟಿದರಂತೆ. ಇದನ್ನು ನನಗೆ ಹೇಳಿದವರು ಮಾರ್ಗದರ್ಶಕ ಶಿಕ್ಷಕರು. ಪ್ರಶಿಕ್ಷಣಾರ್ಥಿ ಆ ಅಂಕ ಬಿದ್ದ ಮೇಲೆ ಕಂಪ್ಯೂಟರಿನ ಮಾತನ್ನು ನನ್ನ ಮುಂದೆ ಎತ್ತಿರಲಿಲ್ಲ.

ನನ್ನದೇ ಒಂದು ಡಿಸ್ಕಿನ ಕಥೆ

ಆ ಮಾತು ಕೇಳಿದ ರಾತ್ರಿ ನನಗೆ ನೆನಪಾದದ್ದು ನನ್ನ ಹಳೆಯ ಕಂಪ್ಯೂಟರ್. ಕೆಲವು ವರ್ಷಗಳ ಹಿಂದೆ ಅದೂ ಒಂದು ಬೆಳಿಗ್ಗೆ ಇದೇ ಥರದ ಸಾಲು ತೋರಿಸಿ ನಿಂತಿತ್ತು. ಅದರಲ್ಲಿ ನಾನು ಹತ್ತು ವರ್ಷ ಕೂಡಿಸಿದ್ದ ಪ್ರಶ್ನೆಪತ್ರಿಕೆಗಳು, ಪ್ರಶಿಕ್ಷಣಾರ್ಥಿಗಳ ಒಳ್ಳೆಯ ಪಾಠ ಯೋಜನೆಗಳ ಪ್ರತಿಗಳು, ಹಳ್ಳಿ ಶಾಲೆಗಳಲ್ಲಿ ಧ್ವನಿಮುದ್ರಿಸಿಕೊಂಡ ಪಾಠಗಳು ಇದ್ದವು. ರಿಪೇರಿಯವರಿಗೆ ಫೋನ್ ಮಾಡಿ ನಾನು ಹೇಳಿದ ಮಾತು ಇನ್ನೂ ನೆನಪಿದೆ: "ಹೇಗಾದ್ರೂ ಮಾಡಿ, ಒಟ್ಟು ಆನ್ ಆಗ್ಬೇಕು." ಅವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಸಂಜೆಗೆ ತಂದುಕೊಟ್ಟರು. ಯಂತ್ರ ಆನ್ ಆಯಿತು. ಒಳಗೆ ಏನೂ ಇರಲಿಲ್ಲ.

ಅವರನ್ನು ದೂರುವುದಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟರು. ಬೂಟ್ ಆಗದಿರುವುದು ಬೇರೆ, ಮಾಹಿತಿ ಹೋಗಿರುವುದು ಬೇರೆ ಎಂಬ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಬೂಟ್ ಲೋಡರ್ ಕೆಟ್ಟ ಡಿಸ್ಕಿನಲ್ಲಿ ಕಡತಗಳು ಹಾಗೆಯೇ ಕೂತಿರಬಹುದು. ಬೇರೆ ಡಿಸ್ಕಿನಿಂದ ಅಥವಾ ಉಬುಂಟು ಇರುವ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಹಳೆಯದನ್ನು ಎರಡನೆಯದಾಗಿ ತೆರೆದಿದ್ದರೆ ಆ ಹತ್ತು ವರ್ಷ ಬಹುಶಃ ಉಳಿಯುತ್ತಿತ್ತು. 9ನೇ ತರಗತಿಯ ಮಕ್ಕಳು ಒಂದು ಅವಧಿಯಲ್ಲಿ ಕಂಡುಕೊಂಡದ್ದು ನನಗೆ ಗೊತ್ತಿರಲಿಲ್ಲ. ಆ ಅವಧಿಗೆ ನಾನು 12 ಅಂಕ ಕೊಟ್ಟಿದ್ದೆ.

ಸರ್ಕಾರಿ ಶಾಲೆಗಳಲ್ಲಿ ಬಟ್ಟೆ ಹೊದ್ದು ಕೂತಿರುವ ಯಂತ್ರಗಳಲ್ಲಿ ಎಲ್ಲವೂ ಕೆಟ್ಟಿವೆ ಎಂದು ನಾನೀಗ ನಂಬುವುದಿಲ್ಲ. ಕೆಲವಕ್ಕೆ ಡಿಸ್ಕ್ ಬದಲಾಗಬೇಕು, ಕೆಲವಕ್ಕೆ ಪಟ್ಟಿಯ ಕ್ರಮ, ಕೆಲವಕ್ಕೆ ಗುಂಡಿ ಬ್ಯಾಟರಿ. ಇನ್ನು ಕೆಲವು ನಿಜವಾಗಿಯೂ ಕೆಟ್ಟಿವೆ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ಕೇಳುವವರು ಶಾಲೆಯಲ್ಲಿ ಯಾರೂ ಇಲ್ಲದಿರುವುದೇ ದೊಡ್ಡ ಕೊರತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11 ಕೇಳುವ ಪ್ರೊಸೆಸರ್, ಟಿಪಿಎಂ 2.0 ಚಿಪ್ ಇಲ್ಲದ ಹಳೆಯ ಯಂತ್ರಗಳು ಈಗ ಇನ್ನಷ್ಟು ಬೇಗ ಗುಜರಿಯ ದಾರಿ ಹಿಡಿಯುತ್ತವೆ. ಒಂದು ಎಸ್‌ಎಸ್‌ಡಿ, ಒಂದು ಲಿನಕ್ಸ್ ಸಾಕಾಗಿ ಇನ್ನೂ ಕೆಲವು ವರ್ಷ ನಡೆಯಬಹುದಾದ ಯಂತ್ರಗಳೂ ಅವುಗಳ ಜೊತೆ ಹೋಗುತ್ತವೆ.

ಎದುರು ಮಾತುಗಳು

ಇದನ್ನು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಹೇಳಿದಾಗ ಮೂರು ಆಕ್ಷೇಪಗಳು ಬಂದವು. ಮೂರಕ್ಕೂ ತೂಕವಿದೆ.

ಮೊದಲನೆಯದು: ಇದು ಟೆಕ್ನಿಷಿಯನ್ ಕೆಲಸ, ಶಿಕ್ಷಕರದಲ್ಲ. ಪವರ್ ಸಪ್ಲೈ ಬಿಚ್ಚುವುದು, ಮದರ್‌ಬೋರ್ಡ್ ಬೆಸುಗೆ ಹಾಕುವುದು ಖಂಡಿತ ಶಿಕ್ಷಕರ ಕೆಲಸವಲ್ಲ, ಅಪಾಯವೂ ಹೌದು. ಆದರೆ ಪರದೆಯ ಮೇಲಿನ ಒಂದು ಸಾಲು ಓದಿ, ಪಟ್ಟಿಯ ಕ್ರಮ ಬದಲಿಸುವುದು ಅಷ್ಟು ದೊಡ್ಡ ಕೆಲಸವಲ್ಲ. ಪ್ರಯೋಗಾಲಯದಲ್ಲಿ ಬಲ್ಬ್ ಉರಿಯದಿದ್ದರೆ ವಿಜ್ಞಾನ ಶಿಕ್ಷಕರು ಎಲೆಕ್ಟ್ರಿಷಿಯನ್ನನ್ನು ಕರೆಯುವ ಮೊದಲು ಸೆಲ್ ತಿರುಗಿಸಿ ಹಾಕಿ ನೋಡುತ್ತಾರಲ್ಲ, ಅಷ್ಟೇ ಇದು. ಟೆಕ್ನಿಷಿಯನ್ನನ್ನು ಕರೆದರೂ ಅವರಿಗೆ ಏನು ಹೇಳಬೇಕೆಂದು ಗೊತ್ತಿರಬೇಕು. ಗೊತ್ತಿಲ್ಲದೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ.

ಎರಡನೆಯದು: ಶಿಕ್ಷಕರ ಮೇಲೆ ಈಗಾಗಲೇ ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ದಾಖಲೆ, ಗಣತಿ, ಚುನಾವಣೆ ಎಲ್ಲ ಇದೆ, ಇನ್ನೊಂದನ್ನು ಹೇರಬೇಡಿ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಲ್ಯಾಬ್ ನಿರ್ವಹಣೆ ಶಿಕ್ಷಕರ ಕರ್ತವ್ಯಪಟ್ಟಿಗೆ ಸೇರಲಿ ಎಂದು ನಾನು ಕೇಳುತ್ತಿಲ್ಲ. ಶಾಲೆಗಳಿಗೆ ನಿರ್ವಹಣೆಯ ಜನ, ಹಣ ಎರಡೂ ಬೇಕು. ನಾನು ಕೇಳುತ್ತಿರುವುದು, ಒಂದು ಯಂತ್ರವನ್ನು ಮಕ್ಕಳ ಜೊತೆ ಕೂತು ಎಬ್ಬಿಸುವುದನ್ನು ಪಾಠವೆಂದು ಒಪ್ಪಿಕೊಳ್ಳಿ ಎಂದು. ಕೇರಳದ ಶಾಲೆಗಳಲ್ಲಿ 2018ರಲ್ಲಿ ಶುರುವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳಲ್ಲಿ ಅನಿಮೇಷನ್, ಮಲಯಾಳಂ ಬೆರಳಚ್ಚಿನ ಜೊತೆಗೆ ಹಾರ್ಡ್‌ವೇರನ್ನೂ ಮಕ್ಕಳಿಗೆ ಕಲಿಸುತ್ತಾರೆ. ಮಕ್ಕಳ ಕೈಗೆ ಪೆಟ್ಟಿಗೆ ಕೊಡಬಾರದು ಎಂಬ ನಮ್ಮ ಭಯ ಎಲ್ಲ ಕಡೆಯೂ ಇಲ್ಲ.

ಮೂರನೆಯದೇ ಬಲವಾದದ್ದು: ಮಕ್ಕಳಿಗೆ ಸರಾಸರಿಯ ಪಾಠ ತಪ್ಪಿತಲ್ಲ? ಹೌದು, ಆ ದಿನ ತಪ್ಪಿತು. ಮಳೆಯ ಅಂಕಿಗಳು ಮಕ್ಕಳ ಕೈಯಲ್ಲೇ ಇದ್ದವು, ಕರಿಹಲಗೆಯ ಮೇಲೆ ಆ ಪಾಠ ಮಾಡಬಹುದಿತ್ತು. ಕೇಬಲ್ ತೆಗೆದ ಮೇಲೆ ಒಮ್ಮೆ ಆನ್ ಮಾಡಿ ನೋಡದೆ ತರಗತಿಗೆ ಬಂದದ್ದು ಪೂರ್ವಸಿದ್ಧತೆಯ ಲೋಪ. ಅದಕ್ಕೆ ಇವತ್ತೂ ಎರಡು ಅಂಕ ಕಳೆಯುತ್ತೇನೆ. ಸರಾಸರಿಯ ಪಾಠವನ್ನು ಆಕೆ ಅದೇ ಗುರುವಾರ, ಅದೇ ಯಂತ್ರದ ಮೇಲೆ ಮಾಡಿದಳು. ನಾನು ಅದನ್ನು ವೀಕ್ಷಿಸಲು ಹೋಗಿರಲಿಲ್ಲ; ನನ್ನ ಪಟ್ಟಿಯಲ್ಲಿ ಆ ಶಾಲೆಯ ಸರದಿ ಮುಗಿದಿತ್ತು.

ಆದರೆ ಎರಡು ಅಂಕ ಕಳೆಯುವುದಕ್ಕೂ ಹದಿಮೂರು ಕಳೆಯುವುದಕ್ಕೂ ವ್ಯತ್ಯಾಸವಿದೆ. ಉಳಿದ ಹನ್ನೊಂದು ಯಾಕೆ ಹೋದವು? ನಮೂನೆಯ ಎಲ್ಲ ಅಂಶಗಳೂ "ಯೋಜನೆಯಂತೆ ನಡೆಯಿತೇ" ಎಂದೇ ಕೇಳುತ್ತವೆ. ಪ್ರಶ್ನೆ ಕೇಳುವ ಕೌಶಲ ಎಂಬ ಅಂಶವಿದೆ. ಆದರೆ ಆ ದಿನದ ಪ್ರಶ್ನೆಗಳು ಯೋಜನೆಯಲ್ಲಿ ಬರೆದವಲ್ಲವೆಂದು ನಾನು ಅವಕ್ಕೆ ಅಂಕ ಹಾಕಲಿಲ್ಲ. ತಪ್ಪು ಉತ್ತರವನ್ನು ಇನ್ನೊಂದು ಮಗುವಿನಿಂದಲೇ ತಿದ್ದಿಸಿದ್ದು, ಯಂತ್ರ ಎದ್ದ ಕೂಡಲೇ ಚಪ್ಪಾಳೆ ನಿಲ್ಲಿಸಿ "ಯಾಕೆ" ಎಂದು ಕೇಳಿದ್ದು, ಇವುಗಳಿಗೆ ಜಾಗವೇ ಇರಲಿಲ್ಲ. ರಚನಾತ್ಮಕ ಉಪಾಗಮದ ಬಗ್ಗೆ ನಾವು ತಿಂಗಳುಗಟ್ಟಲೆ ಉಪನ್ಯಾಸ ಕೊಡುತ್ತೇವೆ. ಅದು ಕಣ್ಣೆದುರು ನಡೆದಾಗ ನಾನು ಕೈಗಡಿಯಾರ ನೋಡುತ್ತಿದ್ದೆ.

ನನ್ನ ಮೂರು ಸಲಹೆಗಳು

ಬಿ.ಇಡಿ. ಎರಡು ವರ್ಷದ್ದಾದ ಮೇಲೆ, ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಕನಿಷ್ಠ 20 ವಾರ ಶಾಲೆಗಳ ಒಡನಾಟಕ್ಕೆ ಮೀಸಲು. ಐಸಿಟಿಗೆ ಪ್ರತ್ಯೇಕ ಪತ್ರಿಕೆಯೇ ಇದೆ. ಸಮಯ ಇಲ್ಲ ಎನ್ನುವಂತಿಲ್ಲ.

ಒಂದು, ವೀಕ್ಷಣಾ ನಮೂನೆಗೆ ಒಂದು ಅಂಶ ಸೇರಲಿ: ಅನಿರೀಕ್ಷಿತ ಅಡ್ಡಿ ಬಂದಾಗ ಪ್ರಶಿಕ್ಷಣಾರ್ಥಿ ಅದನ್ನು ಕಲಿಕೆಯಾಗಿ ಬಳಸಿಕೊಂಡರೇ? ಅಡ್ಡಿ ಬರದ ದಿನ ಆ ಅಂಶವನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.

ಎರಡು, ಐಸಿಟಿ ಪತ್ರಿಕೆಯಲ್ಲಿ ಈಗ ಸ್ಲೈಡ್ ಮಾಡುವುದು, ಮಿಂಚಂಚೆ ಕಳಿಸುವುದು ಪ್ರಾಯೋಗಿಕ ಕೆಲಸವಾಗಿ ನಡೆಯುತ್ತಿದೆ. ಅದರ ಜೊತೆಗೆ ಇದೂ ಇರಲಿ: ಕಾಲೇಜಿನ ಒಂದು ಹಳೆಯ ಪೆಟ್ಟಿಗೆ, ಒಳಗೆ ಎರಡು ಡಿಸ್ಕ್, ಎರಡರಲ್ಲೂ ಒಂದೊಂದು ವ್ಯವಸ್ಥೆ. ಪ್ರತಿ ಪ್ರಶಿಕ್ಷಣಾರ್ಥಿಯೂ ಅದನ್ನು ಇನ್ನೊಂದು ಡಿಸ್ಕಿನಿಂದ ಎಬ್ಬಿಸಿ, ಮತ್ತೆ ಮೊದಲಿದ್ದ ಸ್ಥಿತಿಗೆ ತರಬೇಕು. ಮೊದಲಿನ ಸ್ಥಿತಿಗೆ ತರುವುದು ಮುಖ್ಯ. ಹಿಂದಿರುಗುವ ದಾರಿ ತಿಳಿದವರಿಗೆ ಮುಟ್ಟುವ ಧೈರ್ಯ ಬರುತ್ತದೆ. ಮುಟ್ಟಬಾರದ ಕಡೆ ಯಾವುದೆಂದೂ ಅಲ್ಲೇ ಗೊತ್ತಾಗುತ್ತದೆ.

ಮೂರು, ಇಂಟರ್ನ್‌ಶಿಪ್ ನಡೆಯುವ ಪ್ರತಿ ಶಾಲೆಯಲ್ಲಿ, ಶಾಲೆ ಒಪ್ಪಿದರೆ, ಒಂದೇ ಒಂದು ನಿಂತ ಯಂತ್ರವನ್ನು ಪ್ರಶಿಕ್ಷಣಾರ್ಥಿಗಳೂ ಮಕ್ಕಳೂ ಸೇರಿ ಪರೀಕ್ಷಿಸಲಿ. ಎಬ್ಬಿಸಲು ಆಗದಿದ್ದರೂ, ಯಾಕೆ ಆಗಲಿಲ್ಲ ಎಂದು ಅರ್ಧ ಪುಟ ಬರೆದುಕೊಟ್ಟರೆ ಟೆಕ್ನಿಷಿಯನ್ನರಿಗೂ ಉಪಯೋಗ. ಇದಕ್ಕೆ ಕೆಲವು ಕಟ್ಟುಪಾಡು ಬೇಕು. ಮುಖ್ಯ ಶಿಕ್ಷಕರ ಲಿಖಿತ ಅನುಮತಿ ಇರಬೇಕು. ತೆಗೆದ ಡಿಸ್ಕಿನ ವಿವರ ಸ್ಟಾಕ್ ರಿಜಿಸ್ಟರಿಗೆ ಹೋಗಬೇಕು. ಪೆಟ್ಟಿಗೆ ತೆರೆಯುವ ಮೊದಲು ಗೋಡೆಯ ಪ್ಲಗ್ ಕೀಳಬೇಕು. ಸೆಟಪ್ಪಿನಲ್ಲಿ ಏನನ್ನಾದರೂ ಬದಲಿಸುವ ಮುನ್ನ ಇದ್ದದ್ದರ ಫೋಟೋ ತೆಗೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಹಳೆಯ ವ್ಯವಸ್ಥೆ ಬಯಾಸ್ ಪದ್ಧತಿಯಲ್ಲಿ ಹಾಕಿದ್ದೋ ಯುಇಎಫ್‌ಐ ಪದ್ಧತಿಯಲ್ಲಿ ಹಾಕಿದ್ದೋ ನೋಡಿಕೊಳ್ಳಬೇಕು; ಎರಡನ್ನೂ ಕಲಸಿದರೆ ಸರಿಯಿರುವ ಡಿಸ್ಕೂ ಏಳುವುದಿಲ್ಲ. ಹೊಸ ಡಿಸ್ಕಿನ ಮೇಲೆ ವ್ಯವಸ್ಥೆ ಹಾಕುವಾಗ ಹಳೆಯದರ ಕೇಬಲ್ ಬಿಡಿಸಿರಬೇಕು. ಆಗ ತಪ್ಪು ಡಿಸ್ಕ್ ಅಳಿಸಿಹೋಗುವ ಭಯವೂ ಇಲ್ಲ, ಬೀಗದಕೈ ಅಲ್ಲೇ ಉಳಿಯುವ ಪ್ರಶ್ನೆಯೂ ಇಲ್ಲ. ಬಿಟ್‌ಲಾಕರ್ ಹಾಕಿರುವ ಯಂತ್ರವಾದರೆ ಸೆಟಪ್ ಬದಲಾದಾಗ 48 ಅಂಕಿಯ ಕೀಲಿ ಕೇಳಬಹುದು; ಆ ಕೀಲಿ ಕೈಯಲ್ಲಿಲ್ಲದೆ ಮುಟ್ಟಬಾರದು. ಕೊನೆಯದಾಗಿ, ಒಳಗೆ ಏನಿದೆ ಎಂದು ತಿಳಿದವರು ಒಪ್ಪಿ ಸಹಿ ಹಾಕುವ ತನಕ ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಬಾರದು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಪಾಠದ ನಡುವೆ ಯಂತ್ರ ಕೈಕೊಟ್ಟರೆ ನಿಮ್ಮ ಕಣ್ಣು ಮೊದಲು ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಕಡೆ ಹೊರಳುತ್ತದೆ. ಅದು ಸಹಜ. ಆ ಹೊತ್ತಿನಲ್ಲಿ ನಮ್ಮ ಮುಖ ಹೇಗಿರುತ್ತದೆ ಎಂಬುದು ನಿಮ್ಮ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ ಎಂದು ನಮಗೆ ಗೊತ್ತಿರಬೇಕಿತ್ತು. ಆ ಸೋಮವಾರ ನನ್ನ ಮುಖ ನೋಡಿಯೂ ಆಕೆ ಮಕ್ಕಳ ಕಡೆ ತಿರುಗಿದಳು. ಎಲ್ಲರಿಗೂ ಅದು ಆಗುವುದಿಲ್ಲ.

ಅಂಕಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗಿ ಆಗಿದೆ. ಆ 12 ಈಗ ಬದಲಾಗುವುದಿಲ್ಲ. ಈ ಲೇಖನ ಬರೆಯುವ ಮುನ್ನ ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿ, ಬರೆಯಲು ಒಪ್ಪಿಗೆಯನ್ನೂ ಕೇಳಿದೆ. "ಬರೀರಿ ಸರ್, ಆದ್ರೆ ಬೀಗದಕೈ ಅಂದಿದ್ದು ನಾನಲ್ಲ, ಆ ಹುಡುಗಿ ಅಂತ ಬರೀರಿ" ಎಂದಳು. ಬರೆದಿದ್ದೇನೆ. ಈ ವರ್ಷದ ವೀಕ್ಷಣಾ ನಮೂನೆಯ ನನ್ನ ಪ್ರತಿಯಲ್ಲಿ, ಕೊನೆಯ ಅಂಶದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದೇನೆ. ಅಲ್ಲಿ ಬರೆಯಬೇಕಾದ ವಾಕ್ಯ ಯಾವುದು, ಅದಕ್ಕೆ ಎಷ್ಟು ಅಂಕ ಎಂಬುದನ್ನು ಶಾಲೆಗಳಿಗೆ ಹೊರಡುವ ಮೊದಲು ಸಹೋದ್ಯೋಗಿಗಳೆಲ್ಲ ಕೂತು ತೀರ್ಮಾನಿಸೋಣ.